ಸೋಮವಾರದ ಸೀಟು

ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿಕೊಂಡೇ ನನ್ನ ತಲೆ ಬೆಳ್ಳಗಾಯಿತು. ಹಳ್ಳಿ ಮಕ್ಕಳಿಗೆ ಇಂಗ್ಲಿಷ್ ಎಂದರೆ ಜ್ವರ. ಆ ಜ್ವರ ಇಳಿಸಲು ನಾನು ಒಂದು ಉಪಾಯ ಮಾಡುತ್ತಿದ್ದೆ. ವರ್ಷದ ಮೊದಲ ದಿನ ಪುಸ್ತಕ ತೆರೆಸುತ್ತಿರಲಿಲ್ಲ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಈಗಾಗಲೇ ಓಡಾಡಿಕೊಂಡಿರುವ ಇಂಗ್ಲಿಷ್ ಪದಗಳನ್ನು ಹೇಳಿ ಎನ್ನುತ್ತಿದ್ದೆ. ಲೈಟು, ಗೇಟು, ಲಾರಿ, ಕೋರ್ಟು ಎಂದು ಶುರುವಾದರೆ ನೋಡನೋಡುತ್ತ ಬೋರ್ಡು ತುಂಬಿಹೋಗುತ್ತಿತ್ತು. ಪ್ರತಿ ವರ್ಷವೂ ಯಾರಾದರೊಬ್ಬರು ಸೀಟು ಎನ್ನುತ್ತಿದ್ದರು. ಅದನ್ನೂ ಬರೆಯುತ್ತಿದ್ದೆ. ಆದರೆ ಉಳಿದ ಪದಗಳನ್ನು ಹಿಡಿದು ವಾಕ್ಯ ಮಾಡಿ ತೋರಿಸಿದ ಹಾಗೆ ಅದನ್ನು ಹಿಡಿದು ಮಾಡುತ್ತಿರಲಿಲ್ಲ, ಮುಂದಿನದಕ್ಕೆ ಹೋಗಿಬಿಡುತ್ತಿದ್ದೆ. ಮಕ್ಕಳು ಅದನ್ನು ಗಮನಿಸಿದ್ದರೂ ಕೇಳುವ ಧೈರ್ಯ ಮಾಡುತ್ತಿರಲಿಲ್ಲ. ಸಿಡುಕಿ ಎಂದು ನನಗೆ ಹೆಸರಿತ್ತು, ಅದು ಸುಳ್ಳೂ ಅಲ್ಲ.

ನಮ್ಮೂರು ತೆರಕಣಾಂಬಿ. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ಬಸ್ಸು ನಡುವೆ ನಿಲ್ಲುವ ಊರು. ನಾನು ಹೇಳುತ್ತಿರುವುದು ಐವತ್ತರ ದಶಕದ ಮಾತು. ಆಗ ಆ ಒಂದು ಪದ ನಮ್ಮ ಕಡೆ ಎಷ್ಟೊಂದು ವೇಷ ಹಾಕಿಕೊಂಡು ತಿರುಗುತ್ತಿತ್ತು ಎಂದರೆ ನೆನೆದರೆ ಈಗಲೂ ನಗು ಬರುತ್ತದೆ. ಅಳತೆ ತೆಗೆಯುವ ದರ್ಜಿ ಚಡ್ಡಿಯ ಹಿಂಭಾಗಕ್ಕೆ ಸೀಟು ಎನ್ನುತ್ತಿದ್ದ. ಅಲ್ಲಿ ತೇಪೆ ಹಾಕಿಸಿಕೊಂಡು ಬಂದ ಹುಡುಗರನ್ನು ಡಬಲ್ ಸೀಟು ಎಂದು ಛೇಡಿಸುತ್ತಿದ್ದರು. ಗುಂಡ್ಲುಪೇಟೆಯ ಟೆಂಟ್ ಸಿನಿಮಾದಲ್ಲಿ ಕುರ್ಚಿಯೂ ಸೀಟು, ಬೆಂಚೂ ಸೀಟು, ಮರಳಿನ ನೆಲವೂ ಸೀಟೇ. ಚಾಮರಾಜನಗರದ ರೈಲ್ವೆ ಸ್ಟೇಷನ್ನಿನ ಹತ್ತಿರ ತಮಿಳು ಮಾತಾಡುವ ಹಮಾಲಿಗಳು ಇಸ್ಪೀಟಿಗೂ ಸೀಟು ಎನ್ನುತ್ತಿದ್ದರು, ಅದು ಬೇರೆಯೇ ಮಾತಂತೆ, ನಮಗೆ ಅಷ್ಟು ತಿಳಿಯಬೇಕಲ್ಲ. ಸೈಕಲ್ಲಿಗೂ ಸೀಟಿತ್ತು. ನಮ್ಮ ಕೇರಿಯ ಒಬ್ಬ ಅಣ್ಣ ಎಲ್ಲಿಂದಲೋ ಒಂದು ಹಳೆಯ ಸೈಕಲ್ ತಂದಿದ್ದ. ರಸ್ತೆಯಲ್ಲೆಲ್ಲ ಸೀಟಿನ ಮೇಲೆ ಕೂತು ಬರುತ್ತಿದ್ದವನು ಊರೊಳಗಿನ ಯಜಮಾನರ ಬೀದಿ ಬಂದ ಕೂಡಲೇ ಇಳಿದು, ಬೀದಿ ಮುಗಿಯುವವರೆಗೂ ಸೈಕಲ್ಲನ್ನು ಕೈಯಲ್ಲಿ ಹಿಡಿದು ನಡೆಸಿಕೊಂಡು ಬರುತ್ತಿದ್ದ. ಇಳಿ ಎಂದು ಯಾರೂ ಹೇಳುತ್ತಿರಲಿಲ್ಲ. ಹೇಳುವ ಅಗತ್ಯ ಬೀಳದ ಹಾಗೆ ನಾವೆಲ್ಲ ಬೆಳೆದಿದ್ದೆವು.

ಮೊದಲ ಚುನಾವಣೆ ಬಂದಾಗ ಇನ್ನೊಂದು ಅರ್ಥ ಬಂತು. ಅಪ್ಪ ಯಜಮಾನರ ಮನೆ ಜಗಲಿಯ ಕೆಳಗೆ ನಿಂತು ಕೇಳಿಸಿಕೊಂಡು ಬಂದು ಅವ್ವನಿಗೆ ಹೇಳಿದ.

“ಅವ್ರ್ಯಾರೋ ಸೀಟ್ ಗೆದ್ಬುಟ್ರಂತೆ ಕಣಮ್ಮಿ.”

“ಗೆದ್ದು ಏನ್ಮಾಡ್ತರೆ?”

“ಗೆದ್ದು ಕೂತ್ಕತರೆ.”

“ಕೂತ್ಕಳಕೆ ಇಷ್ಟೊಂದ್ ಗಲಾಟೆಯಾ” ಎಂದು ಅವ್ವ ಮೊರದಲ್ಲಿದ್ದ ರಾಗಿ ಕೇರುತ್ತ ನಕ್ಕಳು. ಅವ್ವ ನಕ್ಕರೆ ಭುಜಗಳು ಕುಣಿಯುತ್ತಿದ್ದವು, ಸದ್ದು ಬರುತ್ತಿರಲಿಲ್ಲ. ಆಮೇಲೆ ಆ ನಗುವಿಗೆ ಕೆಮ್ಮು ಸೇರಿಕೊಂಡಿತು. ಮೊದಮೊದಲು ಎರಡನ್ನೂ ಬೇರೆ ಮಾಡಿ ಗುರುತಿಸುವುದು ನಮಗೆ ಗೊತ್ತಾಗಲಿಲ್ಲ.

ಅಪ್ಪ ಯಜಮಾನರ ಹೊಲದಲ್ಲಿ ಆಳು. ಅವನ ಅಪ್ಪನೂ ಅಲ್ಲೇ ಆಳಾಗಿದ್ದವನು. ಅವ್ವ ಸುಗ್ಗಿಯಲ್ಲಿ ಅವರ ಕಣಕ್ಕೆ ಹೋಗಿ ತೂರುವುದು, ಕೇರುವುದು ಮಾಡುತ್ತಿದ್ದಳು. ಯಜಮಾನರು ಹಣೆತುಂಬ ವಿಭೂತಿ ಹಚ್ಚುವ, ಮೆಲ್ಲಗೆ ಮಾತಾಡುವ ಮನುಷ್ಯ. ಆಳಿಗೆ ಕೈ ಎತ್ತಿದವರಲ್ಲ. ಹಬ್ಬಕ್ಕೆ ಬಟ್ಟೆ ಕೊಡುವುದನ್ನು ಮರೆತವರೂ ಅಲ್ಲ. ಇದನ್ನು ನಾನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಕಥೆ ಕೇಳಿದವರು ಅವರನ್ನು ರಾಕ್ಷಸ ಮಾಡಿಬಿಡುತ್ತಾರೆ. ರಾಕ್ಷಸನಾಗಿದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಅವ್ವನ ಕೆಮ್ಮು ಒಂದು ಮಳೆಗಾಲ ಕಳೆದರೂ ನಿಲ್ಲಲಿಲ್ಲ. ಮೈ ಇಳಿಯಿತು. ಸಂಜೆಯಾದರೆ ಕೆನ್ನೆ ಕೆಂಪಾಗಿ ಮೈ ಕಾಯುತ್ತಿತ್ತು. ಕೊನೆಗೆ ಚಾಮರಾಜನಗರದ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಇದು ಎದೆಯ ಕಾಯಿಲೆ, ಈಗ ಇದಕ್ಕೆ ಸೂಜಿಮದ್ದು ಬಂದಿದೆ, ವಾರ ತಪ್ಪದೆ ಬಂದು ಹಾಕಿಸಿಕೊಂಡರೆ ಬದುಕುತ್ತೀಯ ಎಂದರು. ತಪ್ಪಿಸಿದರೆ ತಾನು ಜವಾಬ್ದಾರನಲ್ಲ ಎಂದೂ ಹೇಳಿದರು. ಭಾರ ಎತ್ತಬಾರದು, ಬಹಳ ಹೊತ್ತು ನಿಲ್ಲಬಾರದು, ಧೂಳಿಗೆ ಹೋಗಬಾರದು. ಅಪ್ಪ ಎಲ್ಲದಕ್ಕೂ ಆಯ್ತು ಬುದ್ದಿ ಎಂದು ತಲೆಯಾಡಿಸಿದ.

ಬಸ್ಸಿನ ಸೀಟು ನಮಗೆ ಬೇಕಾದದ್ದು ಆಗ.

ಗುಂಡ್ಲುಪೇಟೆಯಿಂದ ಹೊರಡುವ ಬೆಳಗಿನ ಬಸ್ಸು ತೆರಕಣಾಂಬಿಗೆ ಬರುವ ಹೊತ್ತಿಗೆ ತುಂಬಿ ತುಳುಕುತ್ತಿತ್ತು. ಬಾಗಿಲಲ್ಲಿ ಜೋತು ಬಿದ್ದವರು, ಮೇಲೆ ಬುಟ್ಟಿ ಮಂಕರಿಗಳ ನಡುವೆ ಕೂತವರು. ಚಾಮರಾಜನಗರದವರೆಗೆ ನಿಂತು ಹೋಗುವುದು ಗಟ್ಟಿ ಆಳಿಗೇ ಸಾಕುಸಾಕು. ರಸ್ತೆಯೋ ಕಲ್ಲು, ಧೂಳು. ಮೊದಲ ಸಲ ನಿಂತುಕೊಂಡು ಹೋಗಿ ಬಂದ ಅವ್ವ ಆಮೇಲೆ ಬಹಳ ದಿನ ಚಾಪೆ ಬಿಟ್ಟು ಏಳಲಿಲ್ಲ.

ಸೀಟು ಹಿಡಿಯಲು ಜನಕ್ಕೆ ಒಂದು ಪದ್ಧತಿ ಇತ್ತು, ಈಗಲೂ ಇದೆ. ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಟವಲ್ಲು ಎಸೆಯುವುದು. ಟವಲ್ಲು ಬಿದ್ದ ಜಾಗ ಎಸೆದವನದು. ಅದಕ್ಕೆ ಯಾರೂ ತಕರಾರು ಮಾಡುತ್ತಿರಲಿಲ್ಲ. ಆದರೆ ನಮ್ಮ ಕೇರಿಯ ಟವಲ್ಲು ನೋಡಿದರೇ ಗೊತ್ತಾಗುತ್ತಿತ್ತು. ಅಪ್ಪ ಒಂದು ಸಲ ಗುಂಡ್ಲುಪೇಟೆಯಲ್ಲಿ ಎಸೆದು ಒಳಗೆ ಹೋಗಿ ನೋಡಿದರೆ, ಯಾರೋ ಅದನ್ನು ಛತ್ರಿಯ ತುದಿಯಿಂದ ಎತ್ತಿ ಕೆಳಗೆ ಹಾಕಿ ತಾವು ಕೂತಿದ್ದರು. ನಮ್ಮ ಬಟ್ಟೆಗೆ ಆ ಬೆಲೆ ಇಲ್ಲ, ನಾವೇ ಖುದ್ದು ಕೂರಬೇಕು ಎನ್ನುವುದನ್ನು ಅಪ್ಪ ಅವತ್ತು ಕಂಡುಕೊಂಡ.

ಅದಕ್ಕೆ ಸೋಮವಾರವನ್ನು ಆರಿಸಿಕೊಂಡ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತಿಗೆ ಬಿಡುವಿದ್ದರೆ ಆಳಿಗೂ ಬೆಳಗಿನ ಹೊತ್ತು ಸ್ವಲ್ಪ ಬಿಡುವು. ಕೋಳಿ ಕೂಗುವಾಗ ಎದ್ದು ಗುಂಡ್ಲುಪೇಟೆಗೆ ನಡೆದು ಹೋಗುತ್ತಿದ್ದ. ಖಾಲಿ ಬಸ್ಸು ಹತ್ತಿ ಹಿಂದಿನ ಸಾಲಿಗಿಂತ ಒಂದು ಸಾಲು ಮುಂದೆ, ಕಿಟಕಿಯ ಪಕ್ಕ ಕೂರುತ್ತಿದ್ದ. ತೀರ ಹಿಂದೆ ಕೂತರೆ ಕುಲುಕಾಟ ಜಾಸ್ತಿ, ಅವ್ವನ ಎದೆಗೆ ನೋವಾಗುತ್ತದೆ. ಮುಂದೆ ಕೂರಲು ಅವನಿಗೇ ಧೈರ್ಯವಿಲ್ಲ. ಕಂಡಕ್ಟರು ಗುಂಡ್ಲುಪೇಟೆಯವನು, ಬಾಯಿ ಜೋರು, ಮನಸ್ಸು ಒಳ್ಳೆಯದು. ಟಿಕೆಟ್ ತಗೊಂಡವನಿಗೆ ಸೀಟು, ಜಾತಕ ಕೇಳೋ ಕೆಲಸ ನಂದಲ್ಲ ಎನ್ನುತ್ತಿದ್ದ. ಬಸ್ಸು ತೆರಕಣಾಂಬಿಯಲ್ಲಿ ನಿಂತಾಗ ಅವ್ವನೂ ನಾನೂ ಹತ್ತುತ್ತಿದ್ದೆವು. ಅಪ್ಪ ಎದ್ದು ಆ ಕ್ಷಣದಲ್ಲೇ ಅವ್ವನನ್ನು ಅಲ್ಲಿ ಕೂರಿಸಿ, ಅವಳ ಕಾಲ ಹತ್ತಿರ ನನ್ನನ್ನು ಕುಕ್ಕರಿಸಿ, ತಾನು ಇಳಿದು ಯಜಮಾನರ ಕೊಟ್ಟಿಗೆಯ ಕಡೆ ಹೋಗುತ್ತಿದ್ದ. ಅವನು ಕೂತಿದ್ದ ಜಾಗ ಬೆಚ್ಚಗಿರುತ್ತಿತ್ತು. ಅವ್ವ ಅದರ ಮೇಲೆ ಕೂತು ಸೆರಗು ಸರಿಮಾಡಿಕೊಂಡು, ನನ್ನ ಕಡೆ ನೋಡಿ, “ನಾನೂ ಸೀಟ್ ಗೆದ್ಬುಟ್ಟೆ ಕಣಮ್ಮಿ” ಎಂದು ಕಣ್ಣು ಮಿಟುಕಿಸುತ್ತಿದ್ದಳು.

ಹಾಗೆ ಎಷ್ಟು ವಾರ ನಡೆಯಿತೋ ಲೆಕ್ಕ ಇಟ್ಟಿಲ್ಲ. ಅವ್ವ ಗುಣವಾಗುತ್ತಿದ್ದಳು ಎನ್ನುವುದು ಮಾತ್ರ ಗೊತ್ತು. ಸಂಜೆಯ ಜ್ವರ ನಿಂತಿತ್ತು. ಮುದ್ದೆ ಪೂರ್ತಿ ಉಣ್ಣುತ್ತಿದ್ದಳು. ಡಾಕ್ಟರು ಹೀಗೇ ಬಂದರೆ ಬೇಸಿಗೆಯ ಹೊತ್ತಿಗೆ ನೀನು ಕೂಲಿಗೂ ಹೋಗಬಹುದು ಎಂದಿದ್ದರು. ಊರಿನಲ್ಲಿ ಯಾರಿಗೂ ಕಾಯಿಲೆಯ ಹೆಸರು ಹೇಳಿರಲಿಲ್ಲ. ಹೇಳಿದರೆ ಅವ್ವನಿಗೆ ಮತ್ತೆ ಯಾರ ಕಣದಲ್ಲೂ ಕೆಲಸ ಸಿಗುತ್ತಿರಲಿಲ್ಲ, ನೀರು ಕೊಡುವವರೂ ಇರುತ್ತಿರಲಿಲ್ಲ. ಯಜಮಾನರಿಗೂ ಅಪ್ಪ ಹೇಳಿರಲಿಲ್ಲ. ಮೈಗೆ ಸರಿಯಿಲ್ಲ, ಅಷ್ಟೇ.

ಆ ಸೋಮವಾರ ಅವ್ವ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದಳು. ಬಸ್ಸು ಬಂತು. ಎಂದಿನ ಕಿಟಕಿಯನ್ನು ನೋಡಿದೆ. ಕಿಟಕಿಯಲ್ಲಿ ಅಪ್ಪನ ಮುಖ ಇರಲಿಲ್ಲ. ವಿಭೂತಿ ಹಚ್ಚಿದ ಹಣೆ ಇತ್ತು.

ಯಜಮಾನರು ಹಿಂದಿನ ದಿನ ಗುಂಡ್ಲುಪೇಟೆಯ ನೆಂಟರ ಮನೆಗೆ ಹೋಗಿದ್ದವರು, ಚಾಮರಾಜನಗರದಲ್ಲಿ ಕೋರ್ಟಿನ ಕೆಲಸ ಇದ್ದುದರಿಂದ ಅಲ್ಲಿಂದಲೇ ಬಸ್ಸು ಹತ್ತಿದ್ದರು. ಸಾಮಾನ್ಯವಾಗಿ ಅವರು ಬಸ್ಸು ಹತ್ತುವವರಲ್ಲ, ಕಮಾನು ಗಾಡಿಯಲ್ಲಿ ಹೋಗುವವರು. ಅಪ್ಪ ಅವರ ಹಿಂದೆ ಸರಳು ಹಿಡಿದು ನಿಂತಿದ್ದ. ನನಗೆ ಅವನ ಟವಲ್ಲು ಮೊದಲು ಕಂಡಿತು. ಹೆಗಲ ಮೇಲೆ ಇರಬೇಕಾದದ್ದು ಕಂಕುಳಲ್ಲಿತ್ತು. ಯಜಮಾನರ ಮುಂದೆ ನಿಂತಾಗ ಅದು ಅಲ್ಲಿಗೆ ಬರುತ್ತಿತ್ತು.

ಕಂಡಕ್ಟರು ನಮಗೆ ಬಾಗಿಲು ಬಿಡಿಸಿ ಕೊಡುತ್ತ ಅವ್ವನಿಗೆ ಸಣ್ಣ ದನಿಯಲ್ಲಿ ಹೇಳಿದ. “ನನ್ ಬೈಬ್ಯಾಡ ಕಣಮ್ಮ. ಅವ್ರು ಏಳು ಅಂತ ಅನ್ನಿಲ್ಲ. ಬಸ್ ತುಂಬ್ದ್ಮೇಲೆ ಅವ್ರು ಅತ್ತಿದ್ದೇ ತಡ, ನಿನ್ ಗಂಡ ಎದ್ಬುಟ್ಟ. ಕೂತ್ಕಳ್ಲಾ ಅಂದ್ರು ಅವ್ರೇ. ಇವ್ನು ಕೂರ್ನಿಲ್ಲ. ಸೀಟು ಕಾಲಿ ಬಿದ್ದಿತ್ತು, ಅವ್ರು ಕೂತ್ಕಂಡ್ರು.”

ಅವ್ವ ಮೆಟ್ಟಿಲು ಹತ್ತಿದ್ದಕ್ಕೇ ಕೆಮ್ಮಿದಳು. ಅದು ಒಂದು ಸಲ ಶುರುವಾದರೆ ಬೇಗ ಬಿಡುವ ಕೆಮ್ಮಲ್ಲ. ಬಸ್ಸಿನ ಅರ್ಧ ಜನ ತಿರುಗಿ ನೋಡಿದರು. ಯಜಮಾನರೂ ತಿರುಗಿದರು. ಅವ್ವನ ಗುರುತು ಹಿಡಿದು ಅಪ್ಪನನ್ನು ಕೇಳಿದರು.

“ಏನ್ಲಾ, ಏನಾಗದೆ ನಿನ್ ಹೆಂಡ್ತಿಗೆ?”

ಅವರ ದನಿಯಲ್ಲಿ ಕೊಂಕು ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದರು. ನಾನು ಅಪ್ಪನ ಬಾಯಿ ನೋಡುತ್ತಿದ್ದೆ. ಒಂದು ಮಾತು ಹೇಳಿದರೆ ಸಾಕಿತ್ತು. ಹೇಳಿದ್ದರೆ ಅವರು ಎದ್ದು ಜಾಗ ಬಿಡುತ್ತಿದ್ದರೇನೋ, ಅಥವಾ ಬಿಡುತ್ತಿರಲಿಲ್ಲವೋ. ನನಗೆ ಇವತ್ತಿಗೂ ಗೊತ್ತಿಲ್ಲ, ಏಕೆಂದರೆ ಅಪ್ಪ ಅವರಿಗೆ ಆ ಅವಕಾಶವನ್ನೇ ಕೊಡಲಿಲ್ಲ.

“ಏನಿಲ್ಲ ಬುದ್ದಿ” ಎಂದ. “ಧೂಳು.”

ಹೇಳಿ ಬಸ್ಸಿನಿಂದ ಇಳಿದುಹೋದ. ಇಳಿಯುವಾಗ ಅವ್ವನ ಮುಖ ನೋಡಲಿಲ್ಲ, ನನ್ನ ತಲೆ ಮುಟ್ಟಿ ಹೋದ.

ಅವ್ವ ಕೆಳಗೆ, ದಾರಿಯ ನಡುವೆ, ಯಾರದೋ ಕಡಲೆಕಾಯಿ ಮೂಟೆಗೆ ಒರಗಿ ಕೂತಳು. ಕಾಲುಗಳ ನಡುವೆ ಕೂರುವುದು ಎಂದರೆ ಬಸ್ಸಿನ ಅಷ್ಟೂ ಧೂಳು ಮೂಗಿಗೇ ಬರುವುದು. ಯಜಮಾನರ ಕಾಲಿನ ಜೋಡು ಅವಳ ಮೊಣಕೈಯ ಹತ್ತಿರ ಇತ್ತು. ಅದು ತಾಗದ ಹಾಗೆ ಮೈ ಕುಗ್ಗಿಸಿಕೊಂಡಳು. ಬಸ್ಸು ಹೊರಟ ಸ್ವಲ್ಪ ಹೊತ್ತಿಗೆ ಅವಳು ಸೆರಗಿನ ತುದಿಯನ್ನು ಮುದ್ದೆ ಮಾಡಿ ಬಾಯಿಗೆ ಇಟ್ಟುಕೊಂಡದ್ದನ್ನು ನೋಡಿದೆ. ಕೆಮ್ಮು ಬಂದಾಗಲೆಲ್ಲ ಕಚ್ಚಿ ಹಿಡಿಯುತ್ತಿದ್ದಳು. ಕತ್ತಿನ ನರ ಉಬ್ಬುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಧೂಳಿಗೆ ಬಂದ ಕೆಮ್ಮು ಒಂದು ಸಲಕ್ಕೆ ನಿಲ್ಲಬೇಕು. ಗಂಡ ಏನಿಲ್ಲ ಎಂದಿದ್ದಾನೆ. ಅವನ ಮಾತು ಸುಳ್ಳಾಗಬಾರದೆಂದು ಅವಳು ಚಾಮರಾಜನಗರದವರೆಗೂ ಕೆಮ್ಮನ್ನು ನುಂಗಿದಳು. ನಾನು ಅವಳ ಬೆನ್ನು ಉಜ್ಜಲು ಹೋದರೆ ಕೈ ತಳ್ಳಿದಳು.

ಯಜಮಾನರು ಕೋರ್ಟಿನ ಹತ್ತಿರ ಇಳಿದು ಹೋದರು. ಅವರು ಹೋದದ್ದನ್ನು ನೋಡಿಕೊಂಡು ಅವ್ವ ತಾನೂ ಇಳಿದು ರಸ್ತೆ ಬದಿಯ ಗೋಡೆಗೆ ಕೈಕೊಟ್ಟು ನಿಂತಳು. ಅಷ್ಟು ಹೊತ್ತು ನುಂಗಿದ್ದೆಲ್ಲ ಒಟ್ಟಿಗೆ ಹೊರಗೆ ಬಂತು. ಸೆರಗು ಕೆಂಪಾಯಿತು. ಅವಳು ಅದನ್ನು ಒಳಗೆ ಮಡಿಸಿ ಸಿಕ್ಕಿಸಿಕೊಂಡಳು. ಆಸ್ಪತ್ರೆಯಲ್ಲಿ ಡಾಕ್ಟರು ಬೈದರು. ಇಷ್ಟು ದಿನ ಮಾಡಿದ್ದೆಲ್ಲ ನೀರಿಗೆ ಹಾಕಿದೆಯಲ್ಲಮ್ಮ, ಬಸ್ಸಿನಲ್ಲಿ ಕೂತು ಬಾ ಎಂದು ಹೇಳಿರಲಿಲ್ಲವೆ ಎಂದರು. ಅವ್ವ ತಲೆ ತಗ್ಗಿಸಿ, ಊಂ ಎಂದಳು.

ಸಂಜೆ ಅಪ್ಪ ಬಂದು ಹೊಸ್ತಿಲ ಹೊರಗೇ ಕೂತ. ಅವ್ವ ಮಲಗಿದ್ದಲ್ಲಿಂದ ಕೇಳಿದಳು.

“ಯಾಕೆ ಎದ್ದೆ?”

ಅಪ್ಪ ಟವಲ್ಲಿನಿಂದ ಕಾಲಿನ ಧೂಳು ಕೊಡವಿದ. “ನಾ ಎದ್ದಿದ್ದಲ್ಲ ಕಣಮ್ಮಿ. ಕಾಲೇ ಎದ್ಬುಟ್ಟೊ.”

“ಅವ್ರೇ ಕೂತ್ಕ ಅಂದ್ರಂತಲ್ಲ.”

“ಅವ್ರು ನಿಂತಿರ್ವಾಗ ನಾ ಯಂಗ್ ಕೂತ್ಕಳದು?”

“ನಾ ನಿಂತಿರ್ವಾಗ?” ಎಂದಳು ಅವ್ವ.

ನನಗೆ ಅಪ್ಪನ ಮೇಲೆ ಬಂದ ಸಿಟ್ಟು ಎಂಥದ್ದೆಂದರೆ, ಆ ರಾತ್ರಿ ಅವನ ಪಕ್ಕ ಕೂತು ಉಣ್ಣಲಿಲ್ಲ. ಆ ಸಿಟ್ಟು ಪೂರ್ತಿ ಹೋಗಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಅವನ ಕಾಲುಗಳನ್ನು ಹಾಗೆ ಪಳಗಿಸಿದ್ದು ಯಾರು, ಯಾವ ಕಾಲದಿಂದ ಎಂದೆಲ್ಲ ಓದಿಕೊಂಡಿದ್ದೇನೆ, ಮಕ್ಕಳಿಗೆ ಹೇಳಿಯೂ ಇದ್ದೇನೆ. ಆದರೂ ಅವತ್ತಿನ ಸಿಟ್ಟು ಅವತ್ತಿನದೇ.

ಮುಂದಿನ ಸೋಮವಾರಕ್ಕೆ ಇನ್ನೂ ಮೂರು ದಿನ ಇರುವಾಗಲೇ ಅವ್ವ ತಾನು ಬರುವುದಿಲ್ಲ ಎಂದಳು. ಅಪ್ಪ ಬೇಡಿಕೊಂಡ. ಅವರು ಇನ್ನು ಬಸ್ಸಿಗೆ ಬರುವುದಿಲ್ಲ, ಗಾಡಿಯಲ್ಲೇ ಹೋಗುತ್ತಾರೆ ಎಂದ.

“ಅವ್ರಿಲ್ದಿದ್ರೆ ಇನ್ನೊಬ್ರು ಬತ್ತರೆ. ನಿನ್ ಕಾಲು ನಿನ್ ಮಾತ್ ಕೇಳಕಿಲ್ಲ. ಆ ಕೆಮ್ಮ ನುಂಗಕೆ ನನ್ ಕೈಲಾಯ್ತಿಲ್ಲ. ನನ್ ಬುಟ್ಬುಡು.”

ಅವಳ ದನಿಯಲ್ಲಿ ಹಟವಿರಲಿಲ್ಲ. ಹಟವಿದ್ದಿದ್ದರೆ ಅಪ್ಪ ಏನಾದರೂ ಮಾಡುತ್ತಿದ್ದ. ದಣಿದವರ ಮಾತು ಅದು. ಹರದನಹಳ್ಳಿಯಲ್ಲಿದ್ದ ಸೋದರತ್ತೆಯನ್ನು ಕರೆಸಿ ಹೇಳಿಸಿದ. ಅವಳೂ ಹೇಳಿ ಹೇಳಿ ಸೋತು, ಹೋಗುವಾಗ ಅಪ್ಪನನ್ನೇ ಬೈದು ಹೋದಳು.

ಆದರೂ ಸೋಮವಾರ ಅವನು ಕೋಳಿ ಕೂಗುವ ಹೊತ್ತಿಗೆ ಎದ್ದು ಗುಂಡ್ಲುಪೇಟೆಗೆ ನಡೆದ. ಬಸ್ಸು ಹತ್ತಿ ಅದೇ ಕಿಟಕಿಯ ಪಕ್ಕ ಕೂತುಕೊಂಡು ತೆರಕಣಾಂಬಿಗೆ ಬಂದ. ಅವ್ವ ಮನಸ್ಸು ಬದಲಿಸಿ ಬಂದು ನಿಂತಿರಬಹುದು ಎಂದು ಅವನ ಆಸೆ. ಅವ್ವ ನನ್ನನ್ನು ಕಳಿಸಿದ್ದಳು. ನಾನು ಬಸ್ಸಿನ ಪಕ್ಕ ಹೋಗಿ ಕಿಟಕಿಯ ಕಡೆ ಮುಖವೆತ್ತಿ ಹೇಳಿದೆ.

“ಅವ್ವ ಬರಕಿಲ್ವಂತೆ ಕಣಪ್ಪ.”

ಅಪ್ಪ ಇಳಿದ. ಇಳಿಯುವುದಕ್ಕೇ ಕಾಯುತ್ತಿದ್ದ ಯಾರೋ ಒಳಗೆ ಜಾರಿ ಕೂತರು. ಅದರ ಮುಂದಿನ ವಾರವೂ ಹೀಗೇ ಆಯಿತು. ಅದರ ಮುಂದಿನ ವಾರವೂ. ಕಂಡಕ್ಟರು ಮೊದಮೊದಲು ಒಂದು ಗಳಿಗೆ ಬಸ್ಸು ನಿಲ್ಲಿಸಿ ನಮ್ಮ ಕೇರಿಯ ದಾರಿಯನ್ನು ನೋಡುತ್ತಿದ್ದ, ಬೇಕೆಂದೇ ಮೇಲಿನ ಮೂಟೆಗಳನ್ನು ಎಣಿಸುತ್ತಿದ್ದ. ಆಮೇಲಾಮೇಲೆ ಅವನೂ ನೋಡುವುದನ್ನು ಬಿಟ್ಟ. ನನಗಂತೂ ಸೋಮವಾರ ಎಂದರೆ ಆ ಒಂದು ಮಾತು ಹೇಳಿ ಬರುವ ಕೆಲಸವಾಯಿತು. ಅವ್ವ ಚಾಪೆಯ ಮೇಲೆ ಮಲಗಿದ್ದಲ್ಲಿಂದಲೇ, ಬಸ್ಸಿನ ಹಾರ್ನು ಕೇಳಿದ ಕೂಡಲೇ, “ಓಗು ಕಣಮ್ಮಿ, ನಾ ಬರಕಿಲ್ಲ ಅಂತ ಏಳ್ಬುಟ್ಟು ಬಾ. ಪಾಪ ಕಾಯ್ಕಂಡವ್ನೆ” ಎನ್ನುತ್ತಿದ್ದಳು. ಪಾಪ ಎನ್ನುತ್ತಿದ್ದವಳು ಅವಳೇ. ಆದರೆ ಎದ್ದು ಬರಲಿಲ್ಲ.

ಅವರೆ ಹೂ ಬಿಡುವ ಕಾಲಕ್ಕೆ ಅವ್ವ ಹೋದಳು. ಕೊನೆಯ ದಿನಗಳಲ್ಲಿ ಸೋದರತ್ತೆ ಬಂದು ಇದ್ದಳು. ಅವ್ವನ ಭುಜಗಳು ಕುಣಿಯುತ್ತಿದ್ದವು, ನಗುತ್ತಿದ್ದಾಳೇನೋ ಎಂದುಕೊಂಡು ನಾನು ಹತ್ತಿರ ಹೋಗುತ್ತಿದ್ದೆ.

ಸುದ್ದಿ ಕೇಳಿ ಯಜಮಾನರು ಕೇರಿಯ ತುದಿಯವರೆಗೆ ಬಂದರು. ಒಳಗೆ ಬರಲಿಲ್ಲ, ಬರುವ ಪದ್ಧತಿ ಇರಲಿಲ್ಲ. ಆಳಿನ ಕೈಯಲ್ಲಿ ಹೊಸ ಬಟ್ಟೆ ಕಳಿಸಿದರು. ಅಪ್ಪ ಅವರ ಮುಂದೆ ಹೋಗಿ ನಿಂತಾಗ, ಅವ್ವನಿಗೆ ಇದ್ದದ್ದು ಇಂಥ ಕಾಯಿಲೆ ಎಂದು ಯಾರಿಂದಲೋ ಕೇಳಿ ತಿಳಿದಿದ್ದವರು, “ನಂಗ್ಯಾಕ್ಲಾ ಹೇಳ್ನಿಲ್ಲ ನೀನು? ಅವತ್ತು ಬಸ್ಸಲ್ಲಿ ಕೇಳ್ದೆನಲ್ಲ ನಾನು” ಎಂದರು. ನಾನು ಅಪ್ಪನ ಹಿಂದೆಯೇ ಇದ್ದೆ, ಸರಿಯಾಗಿ ಕೇಳಿಸಿಕೊಂಡೆ. ಅವರಿಗೆ ನಿಜವಾಗಿ ನೋವಾಗಿತ್ತು. ಆ ನೋವನ್ನು ನಾನು ಒಪ್ಪಿಕೊಳ್ಳಬೇಕಾಗಿ ಬಂದದ್ದೇ ನನಗೆ ಸಹಿಸಲಾಗದ ಮಾತು. ಅವರು ಕೇಳಿದ್ದರು, ನಿಜ. ಕೇಳಿದರೆ ಉತ್ತರ ಬರುತ್ತದೆ ಎಂದು ಅವರು ನಂಬಿದ್ದರು. ಅವರ ಮುಂದೆ ನಿಂತ ನಮ್ಮವರ ಬಾಯಿಂದ ಏನಿಲ್ಲ ಬುದ್ದಿ ಎನ್ನುವುದನ್ನು ಬಿಟ್ಟು ಬೇರೆ ಉತ್ತರ ಎಂದಾದರೂ ಬಂದಿತ್ತೆ ಎಂದು ಅವರು ಯೋಚಿಸಿರಲಿಲ್ಲ.

ಅಪ್ಪ ಆಗಲೂ, “ಏನಿಲ್ಲ ಬುಡಿ ಬುದ್ದಿ” ಎಂದ.

ಮುಂದೆ ಯಾವಾಗಲೋ ನನಗೆ ಚಾಮರಾಜನಗರದಲ್ಲಿ ಹಾಸ್ಟೆಲ್ ಸೀಟು ಸಿಕ್ಕಿತು. ಸೀಟು ಸಿಕ್ಕಿದೆ ಎಂದು ಮೇಷ್ಟ್ರು ಬಂದು ಹೇಳಿದಾಗ ಅಪ್ಪ ಒಂದು ಕ್ಷಣ ಬೆಚ್ಚಿದ್ದನ್ನು ನೋಡಿದೆ. ಹೋಗಿ ನೋಡಿದರೆ ಅದು ಒಂದು ಚಾಪೆಯ ಅಗಲದ ನೆಲ. ಆ ನೆಲದಿಂದಲೇ ನಾನು ಓದಿ ಮೇಲೆ ಬಂದೆ. ಅದು ಬೇರೆ ಕಥೆ, ಹೇಳಲು ಸುಲಭವಾದ ಕಥೆ. ನನ್ನನ್ನು ಸಭೆಗಳಿಗೆ ಕರೆದವರೆಲ್ಲ ಅದನ್ನೇ ಕೇಳುತ್ತಿದ್ದರು, ನಾನೂ ಅದನ್ನೇ ಹೇಳುತ್ತಿದ್ದೆ. ಅವ್ವನ ತಿಥಿ ಆದ ಮೇಲಿನ ಸೋಮವಾರವನ್ನು ಯಾರಿಗೂ ಹೇಳಿದ್ದಿಲ್ಲ.

ಅವತ್ತು ನಾನು ಏಳುವಷ್ಟರಲ್ಲಿ ಅಪ್ಪ ಇರಲಿಲ್ಲ. ಕೊಟ್ಟಿಗೆಗೆ ಹೋಗಿರಬೇಕು ಎಂದಳು ಸೋದರತ್ತೆ. ಬಿಸಿಲು ಬಂದ ಮೇಲೆ ಬಸ್ಸಿನ ಹಾರ್ನು ಕೇಳಿತು. ಓಗು ಎನ್ನುವವರು ಇರಲಿಲ್ಲ, ಆದರೆ ನಾನು ಹೋದೆ.

ಬಸ್ಸು ನಿಂತಿತ್ತು. ಕಿಟಕಿಯ ಪಕ್ಕ ಅಪ್ಪ ಕೂತಿದ್ದ. ಟವಲ್ಲು ಹೆಗಲ ಮೇಲೇ ಇತ್ತು. ಅವನ ಪಕ್ಕದಲ್ಲಿ, ಸರಳು ಹಿಡಿದುಕೊಂಡು, ಯಜಮಾನರು ನಿಂತಿದ್ದರು. ಅವರ ಕೋರ್ಟಿನ ಕೆಲಸ ಇನ್ನೂ ಮುಗಿದಿರಲಿಲ್ಲ ಎಂದು ತೋರುತ್ತದೆ, ಅವತ್ತೂ ನೆಂಟರ ಮನೆಯಿಂದಲೇ ಹೊರಟಿದ್ದರು. ಬಸ್ಸಿನಲ್ಲಿ ಗುಸುಗುಸು ನಡೆದಿತ್ತು. ಹಿಂದೆ ನಿಂತಿದ್ದ ಒಬ್ಬರು ಬಾಗಿ ಅಪ್ಪನ ಭುಜ ತಿವಿದು, “ಏಳ್ಲಾ, ಯಾರು ನಿಂತವ್ರೆ ಅಂತ ಕಣ್ಣು ಕಾಣಾಕಿಲ್ವಾ ನಿಂಗೆ” ಎಂದರು. ಅಪ್ಪ ಮುಂದಿನ ಸೀಟಿನ ಬೆನ್ನನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದ. ಕಾಲುಗಳನ್ನು ಆ ಸೀಟಿನ ಕೆಳಗೆ ಸಿಕ್ಕಿಸಿಕೊಂಡಿದ್ದನಂತೆ, ಆಮೇಲೆ ಕಂಡಕ್ಟರು ಹೇಳಿದ.

“ಇಲ್ಲಿ ಜನ ಅವ್ರೆ ಬುದ್ದಿ” ಎಂದ ಅಪ್ಪ. “ತೆರಕಣಾಂಬಿಲಿ ಬಸ್ ಅತ್ಕತರೆ.”

ಗುಂಡ್ಲುಪೇಟೆಯಿಂದಲೂ ಕೇಳಿದವರಿಗೆಲ್ಲ ಅದನ್ನೇ ಹೇಳಿ ಹೇಳಿ ಅವನ ದನಿ ಒಣಗಿತ್ತು. ತಿವಿದವರು ಮತ್ತೆ ಬಾಯಿ ತೆರೆದಾಗ ಯಜಮಾನರು ಕೈ ಎತ್ತಿ ತಡೆದರು. ಅವರು ಅಪ್ಪನನ್ನು ನೋಡುತ್ತಿರಲಿಲ್ಲ. ಕಿಟಕಿಯ ಆಚೆ ನಿಂತಿದ್ದ ನನ್ನನ್ನು ನೋಡುತ್ತಿದ್ದರು.

ನನಗೆ ಬರುತ್ತಿದ್ದದ್ದು ಒಂದೇ ಮಾತು. ಹತ್ತಿರ ಹೋಗಿ ಮುಖವೆತ್ತಿ ಅದನ್ನೇ ಹೇಳಿದೆ.

“ಅವ್ವ ಬರಕಿಲ್ವಂತೆ ಕಣಪ್ಪ.”

ಅಪ್ಪ ನನ್ನನ್ನೇ ನೋಡಿದ. ಆಮೇಲೆ ಕೈ ಸಡಿಲಿಸಿ, ಎದ್ದು, ಜನರ ನಡುವೆ ದಾರಿ ಮಾಡಿಕೊಂಡು ಇಳಿದು ಬಂದ. ಬಸ್ಸು ಹೊರಟಿತು. ಆ ಜಾಗ ಖಾಲಿ ಇತ್ತು. ಯಜಮಾನರು ಸರಳು ಹಿಡಿದು ನಿಂತೇ ಇದ್ದರು. ಬಸ್ಸು ಕಣ್ಣಿಗೆ ಕಾಣುವವರೆಗೂ ನೋಡಿದೆ, ಅವರು ಕೂರಲಿಲ್ಲ.